ಕೊಂಡಪ್ಪ ಪಟಪಟಿ ಪಳಗಿಸಿದ್ದು

ಜಡಿಗೇನಹಳ್ಳಿ ಕೊಂಡಪ್ಪ ಹೋರಿ ಪಳಗಿಸೋದ್ರಲ್ಲಿ ಎತ್ತಿದ ಕೈ. ಯಾರ ಮನೆ ಹೋರಿನಾದ್ರೂ ನೊಗ ಕಂಡ್ರೆ ಹಾಯಕ್ಕೆ ಬರ್ತೈತೆ ಅಂದ್ರೆ, "ಕೊಂಡಪ್ಪನ ಕೊಟ್ಟಿಗೇಲಿ ಬಿಟ್ ಬಾ" ಅಂತಿದ್ರು. ಬಾರುಕೋಲು ಅವನ ಕೈಯಲ್ಲಿ ಇರ್ತಿತ್ತು, ಬೀಸಿದ್ದು ಮಾತ್ರ ಯಾರೂ ಕಂಡಿಲ್ಲ. ಮೊದ್ಲು ಬರೀ ನೊಗ. ಅದು ಒಗ್ಗಿದ ಮೇಲೆ ಒಂದು ಹಗುರದ ಕೊರಡು ಎಳೆಸೋದು. ಆಮೇಲೆ ಖಾಲಿ ಗಾಡಿ. ಸೋಮವಾರ ಬಸವಣ್ಣನ ದಿನ, ಅವತ್ತು ಏನೂ ಇಲ್ಲ, ಮೈ ತೊಳೆದು ಮೇಯಕ್ಕೆ ಬಿಡೋದು. ಹೋರಿ ಎಷ್ಟು ದಿನ ಹಿಡಿದ್ರೂ ಅವನಿಗೆ ಅವಸರ ಇಲ್ಲ. "ಅದಕ್ಕೇನು ಗೊತ್ತು ಪಾಪ, ನಾವು ಹೇಳ್ಕೊಡಬೇಕು" ಅಂತಿದ್ದ.

ಮನುಷ್ಯನಿಗೆ ಮಾತು ಕಮ್ಮಿ. ಹೋರಿ ಜೊತೆ ಆಡೋ ಅಷ್ಟು ಮಾತನ್ನ ಊರವರ ಜೊತೆ ಆಡ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ಸೇರಿಸಿ ಹೆಂಡ್ತಿ ಸೊಣ್ಣಮ್ಮನೇ ಆಡೋಳು. ಸೊಣ್ಣಮ್ಮನ ತವರು ಆವತಿ. ಮದುವೇಲಿ ಅವಳ ಅಪ್ಪ ಒಂದು ಹಸ ಬಳುವಳಿ ಕೊಟ್ಟಿದ್ದ. ಚೆಲುವಿ ಅಂತ ಅದರ ಹೆಸರು. ಆ ಚೆಲುವಿ ಒಂದರ ಹಿಂದೆ ಒಂದು ಎರಡು ಹೋರಿಗರು ಹಾಕ್ತು. ಎರಡೂ ಬೂದು ಬಣ್ಣ, ಎರಡಕ್ಕೂ ನೆಟ್ಟನೆ ಕೊಂಬು. ಸೊಣ್ಣಮ್ಮನಿಗೆ ಮಕ್ಕಳಿರಲಿಲ್ಲ. ಅವೆರಡನ್ನ ಕೈತುತ್ತು ಹಾಕಿ ಸಾಕಿದ್ಲು. ಪಳಗಿಸೋವಾಗ ಮುಂದೆ ನಿಂತು ಕರೀತಿದ್ದವಳೂ ಅವಳೇ. ಅವಳು "ಬಾ ಕಂದ" ಅಂದ್ರೆ ಎರಡೂ ನೊಗದ ಸಮೇತ ಬರ್ತಿದ್ವು.

ಸ್ವಾತಂತ್ರ್ಯ ಬಂದ ಮಾರನೇ ವರ್ಷ ಕೊಂಡಪ್ಪ ಆ ಎರಡು ಹೋರೀನ ಕೊಟ್ಟು ಒಂದು ಮೋಟಾರ್ ಸೈಕಲ್ಲು ತಂದುಬಿಟ್ಟ.

ಆಗಿದ್ದು ಹಿಂಗೆ. ಯುದ್ಧದ ಕಾಲದಲ್ಲಿ ಹೊಸಕೋಟೆ ರಸ್ತೇಲಿ ಮಿಲಿಟರಿಯವರು ಪಟಪಟಿ ಮೇಲೆ ಹೋಗ್ತಿದ್ರು. ಕೊಂಡಪ್ಪ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಧೂಳು ಇಳಿಯೋ ತನಕ ನೋಡ್ತಾ ನಿಂತುಬಿಡೋನು. ಯುದ್ಧ ಮುಗಿದ ಮೇಲೆ ಆ ಗಾಡಿಗಳನ್ನ ಬೆಂಗಳೂರಲ್ಲಿ ಹರಾಜು ಹಾಕಿದ್ರು. ದಂಡು ಕಡೆ ಚಿನ್ನಸ್ವಾಮಿ ಅಂತ ಒಬ್ಬ ಮೇಸ್ತ್ರಿ ಒಂದಷ್ಟು ಹಿಡ್ಕೊಂಡು ರಿಪೇರಿ ಮಾಡಿ ಮಾರ್ತಿದ್ದ. ಆ ಚಿನ್ನಸ್ವಾಮಿಯ ಭಾವಮೈದನಿಗೆ ವರ್ತೂರು ಹತ್ರ ತೋಟ. ಅವನಿಗೆ ಒಂದು ಜೊತೆ ಒಳ್ಳೇ ಎತ್ತು ಬೇಕಿತ್ತು. ಒಂದಿನ ಕೊಂಡಪ್ಪ ಅವೆರಡು ಹೋರಿ ಕಟ್ಟಿ ಬೆಂಗಳೂರಿಗೆ ಹುಲ್ಲು ಹೊಡೆದಾಗ ಚಿನ್ನಸ್ವಾಮಿ ನೋಡಿದ. ಕೊಂಡಪ್ಪ ಅವನ ಅಂಗಡಿ ಮುಂದೆ ನಿಂತಿದ್ದ ಪಟಪಟೀನ ನೋಡಿದ. ಇನ್ನೇನು, ಅಲ್ಲೇ ಅದಲು ಬದಲು ಮಾತಾಯ್ತು. ಗಾಡಿ ಬಿಟ್ಟು ಬರೀ ಹೋರಿ ಕೊಟ್ಟ. ಅಂಗಡಿ ಹಿಂದಿನ ಬಯಲಲ್ಲಿ ಒಂದೆರಡು ದಿನ ಬಿದ್ದು ಎದ್ದು ಓಡಿಸೋದು ಕಲಿತ.

"ಸಾಮಿ, ಇದು ಹಳೇ ಗಾಡಿ ಅಂದ್ಕೋಬೇಡ," ಅಂದ ಚಿನ್ನಸ್ವಾಮಿ. "ಬೋರು ಮಾಡ್ಸಿ ಹೊಸ ಪಿಸ್ಟನ್ ಹಾಕಿದೀನಿ. ಇಂಜಿನ್ನು ಹೊಸದೇ. ಅದಕ್ಕೆ ಐನೂರು ಮೈಲಿ ತನಕ ಹುಷಾರು. ನೀನೊಬ್ಬನೇ ಕೂರು, ಹಿಂದೆ ಯಾರ್ನೂ ಹತ್ತಿಸ್ಬೇಡ. ಓಡಿಸ್ಬೇಡ, ದುಡಿಸ್ಬೇಡ. ಒಳಗಿರೋದೆಲ್ಲ ಒಂದಕ್ಕೊಂದು ಇನ್ನೂ ಹೊಂದ್ಕೊಂಡಿಲ್ಲ."

ಕೊಂಡಪ್ಪನಿಗೆ ನಗು ಬಂತು. ಇದನ್ನ ನನಗೆ ಹೇಳ್ಕೊಡ್ತಾನಲ್ಲ ಇವನು ಅಂತ.

ಸೊಣ್ಣಮ್ಮ ಬೈತಾಳೆ, ಆಮೇಲೆ ಸರಿ ಹೋಗ್ತಾಳೆ ಅಂದ್ಕೊಂಡಿದ್ದ. ಅವಳು ಬೈಯಲಿಲ್ಲ. ಪಟಪಟಿ ಮನೆ ಮುಂದೆ ನಿಂತಾಗ ಅವಳು ಅದರ ಹಿಂದೆ ರಸ್ತೆ ಕಡೆ ನೋಡಿದ್ಲು, ಹೋರಿ ಎಲ್ಲಿ ಅಂತ. ಗೊತ್ತಾದ ಮೇಲೆ ಒಳಗೆ ಹೋಗಿ ಒಲೆ ಮುಂದೆ ಕೂತಳು. ಅಷ್ಟು ಮಾತಾಡೋಳು ಅವತ್ತಿಂದ ಅವನ ಜೊತೆ ಒಂದು ಮಾತೂ ಇಲ್ಲ.

ಹೇಳಬೇಕಾಗಿದ್ದನ್ನ ಚೆಲುವಿ ಹಸಕ್ಕೆ ಹೇಳ್ತಿದ್ಲು.

"ಚೆಲುವಿ, ಮುದ್ದೆ ಬಡಿಸೈತೆ ಅಂತ ಹೇಳು. ಆರೋಗ್ತೈತೆ."

ಕೊಂಡಪ್ಪ ಬಂದು ಉಣ್ತಿದ್ದ.

"ಚೆಲುವಿ, ನಿನ್ನ ಮಕ್ಕಳನ್ನ ಮಾರ್ಕೊಂಡೋರಿಗೆ ಸಾರು ಬೇಕಾ ಕೇಳು."

ಕೊಂಡಪ್ಪ ತಟ್ಟೆ ಮುಂದಕ್ಕೆ ಸರಿಸ್ತಿದ್ದ. ಒಂದಿನ ತಡೀಲಾರದೆ ಅಂದ, "ಸೊಣ್ಣಿ, ಗೌರಿ ಹಬ್ಬಕ್ಕೆ ನಿನ್ನ ಪಟಪಟಿ ಮೇಲೆ ಆವತಿಗೆ ಕರ್ಕೊಂಡು ಹೋಗ್ತೀನಿ. ಅಷ್ಟೊತ್ತಿಗೆ ಇದನ್ನ ಪಳಗಿಸಿಬಿಡ್ತೀನಿ. ಮಾತು ಕೊಟ್ಟಿದೀನಿ ಅನ್ಕೊ."

ಸೊಣ್ಣಮ್ಮ ಹಸದ ಕಡೆ ತಿರುಗಿ, "ಕೇಳಿದ್ಯೇನೇ?" ಅಂದ್ಲು. ಆದ್ರೆ ಆ ವಾರವೇ ಆವತಿಗೆ ಹೋಗೋರ ಕೈಲಿ, ಹಬ್ಬಕ್ಕೆ ಪಟಪಟಿ ಮೇಲೆ ಬರ್ತೀನಂತೆ ಅಂತ ಅಣ್ಣನ ಹೆಂಡ್ತಿಗೆ ಹೇಳಿ ಕಳಿಸಿದ್ಲು. ಅದು ಕೊಂಡಪ್ಪನ ಕಿವಿಗೂ ಬಿತ್ತು. ಇದೊಂದು ಮಾತು ತಪ್ಪಿದ್ರೆ ಇನ್ನು ಅವಳು ತನ್ನ ಮುಖ ನೋಡಲ್ಲ ಅಂತ ಅವನಿಗೆ ಖಾತ್ರಿಯಾಯ್ತು.

ಪಳಗಿಸಕ್ಕೆ ಶುರು ಮಾಡಿದ. ಹೆಂಗೆ? ಹೋರಿ ಪಳಗಿಸಿದ ಹಂಗೇ. ಬೆಳಗ್ಗೆ ಎದ್ದು ಹಣೆ ದೀಪಕ್ಕೆ ಕುಂಕುಮ ಇಟ್ಟು, ಊರ ಮುಂದಿಂದ ಹೊಸಕೋಟೆ ದಾರಿ ಹಿಡಿಯೋನು. ಕೊನೇ ಗೇರಿಗೆ ಹಾಕಿ, ಕೈಹಿಡಿ ಚೂರೇ ಚೂರು ತಿರುಗಿಸಿ, ಎತ್ತಿನ ಹೆಜ್ಜೆಗೆ ಬಿಡೋನು. ಕೊನೇ ಗೇರಲ್ಲಿ ಸದ್ದು ಕಮ್ಮಿ, ಇಂಜಿನ್ನಿಗೆ ಅದೇ ಹಿತ ಅನ್ನೋದು ಅವನ ಲೆಕ್ಕ. ಒಳಗಿಂದ ಕಟ ಕಟ ಅಂತ ಸದ್ದು ಬಂದ್ರೆ ಮೆಲುಕು ಹಾಕ್ತಾ ಐತೆ ಅಂದ್ಕೊಂಡು ಖುಷಿ ಪಡೋನು. ಸೋಮವಾರ ಪಟಪಟಿಗೂ ರಜ. ಒರೆಸಿ ಕೊಟ್ಟಿಗೇಲಿ ನಿಲ್ಲಿಸಿಬಿಡೋನು.

ಪಕ್ಕದ ಮನೆ ಬೈಲಪ್ಪ ಗಾಡೀಲಿ ಗೊಬ್ಬರ ಹೊಡೀತಿದ್ದ. ಅವನ ಗಾಡಿ ಕೊಂಡಪ್ಪನ ಪಟಪಟೀನ ಹಿಂದೆ ಹಾಕ್ತು.

"ಏನ್ ಕೊಂಡಣ್ಣ! ನನ್ನ ಎತ್ತು ನಿನ್ನ ಪಟಪಟಿಗಿಂತ ಮುಂದೆ ಹೋಯ್ತಲ್ಲೋ! ಹಗ್ಗ ಕಟ್ಲಾ? ಎಳ್ಕೊಂಡ್ ಹೋಗ್ತೀನಿ."

"ಹೋಗಲೇ, ಹೋಗು. ನಿನ್ನ ಎತ್ತು ಪಳಗಿಸಿದ್ದೂ ನಾನೇ."

"ಅದಕ್ಕೇ ಓಡ್ತಾವೆ ಕಣಣ್ಣ. ಇದನ್ನ ಯಾರ ಹತ್ರ ಪಳಗಿಸ್ತಿದೀಯ?"

ಕೊಂಡಪ್ಪ ಅದೇ ಎತ್ತಿನ ಹೆಜ್ಜೇಲಿ ಮುಂದಕ್ಕೆ ಹೋದ. ಹೋರಿ ಪಳಗಿಸೋವಾಗ ನಗೋರು ಇದ್ದೇ ಇರ್ತಾರೆ.

ಆಷಾಢ ಕಳೀತು. ಒಂದು ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಹೊಸಕೋಟೆಯಿಂದ ವಾಪಸ್ ಬರ್ತಾ ಒಂದು ಉದ್ದದ ಏರು ಹತ್ತಿಸ್ತಿದ್ದ. ಅದೇ ಕೊನೇ ಗೇರು, ಅದೇ ಎತ್ತಿನ ಹೆಜ್ಜೆ. ಮೆಲುಕು ಹಾಕೋ ಸದ್ದು ಜಾಸ್ತಿ ಆಯ್ತು. ಸುಟ್ಟ ಎಣ್ಣೆ ವಾಸನೆ ಬಂತು. ಹಂಗೇ ಕಿರ್ ಅಂತ ಒಂದು ಸದ್ದು ಮಾಡಿ ಹಿಂದಿನ ಚಕ್ರ ನಿಂತೇಹೋಯ್ತು. ಪಟಪಟಿ ಮಗುಚ್ಕೊಂಡು ಕೊಂಡಪ್ಪನ್ನ ರಾಗಿ ಹೊಲದ ಬದುವಿಗೆ ಒಗೀತು.

ಎದ್ದು ಮಣ್ಣು ಕೊಡವಿಕೊಂಡ. ಕಾಲಲ್ಲಿ ತುಳಿದು ನೋಡಿದ. ತುಳಿಯೋ ಕಡ್ಡಿ ಕಲ್ಲಿನ ಹಂಗೆ ನಿಂತಿತ್ತು, ಅಲ್ಲಾಡಲಿಲ್ಲ. ಕೆಲವು ಹೋರಿ ನೊಗದಲ್ಲೇ ಮಲಗಿಬಿಡ್ತಾವೆ. ಬಾಲ ತಿರುಚಿದ್ರೂ ಏಳಲ್ಲ. ಆವಾಗ ಕೊಂಡಪ್ಪ ಹೊಡೀತಿರಲಿಲ್ಲ, ಪಕ್ಕದಲ್ಲೇ ಕೂತುಬಿಡ್ತಿದ್ದ. ಈಗಲೂ ಅದೇ ಮಾಡಿದ. ಹೊಂಗೆ ಮರದ ಕೆಳಗೆ ಪಟಪಟಿ ಪಕ್ಕದಲ್ಲೇ ಕೂತ. ಹೊತ್ತು ಇಳೀತು, ಇಂಜಿನ್ನು ತಣ್ಣಗಾಯ್ತು. ತುಳಿದ್ರೆ ಕಡ್ಡಿ ಕೆಳಗೆ ಇಳೀತು. ಆದ್ರೆ ಸ್ಟಾರ್ಟ್ ಆದ ಮೇಲೆ ಬಂದ ಸದ್ದು ಬೇರೆ. ಕೆಮ್ಮು ಹತ್ತಿದ ಹಸದ ಸದ್ದು. ಓಡಿಸಕ್ಕೆ ಅವನಿಗೆ ಮನಸಾಗಲಿಲ್ಲ. ತಳ್ಳಿಕೊಂಡೇ ಮನೆಗೆ ಬಂದ.

ಬಾಗಿಲಲ್ಲಿ ನಿಂತಿದ್ದ ಸೊಣ್ಣಮ್ಮ ಅವನ ತರಚಿದ ಮೊಣಕೈ ನೋಡಿದ್ಲು. ಒಳಗೆ ಹೋಗಿ ಅರಿಶಿನ ಎಣ್ಣೆ ತಂದು ಜಗಲಿ ಮೇಲೆ ಇಟ್ಟು, "ಚೆಲುವಿ, ಹಚ್ಕೊಳಕ್ಕೆ ಹೇಳು" ಅಂದ್ಲು.

ಮಾರನೇ ದಿನ ಬೈಲಪ್ಪನ ಗಾಡೀಲಿ ಪಟಪಟೀನ ಹುಲ್ಲಿನ ಮೇಲೆ ಮಲಗಿಸಿ ಬೆಂಗಳೂರಿಗೆ ಹೊರಟ್ರು. ಬೈಲಪ್ಪ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.

"ಎಲ್ಲರೂ ಪಟಪಟಿ ಮೇಲೆ ಬೆಂಗಳೂರು ನೋಡ್ತಾರೆ. ನಿನ್ನ ಪಟಪಟೀನೇ ಗಾಡಿ ಮೇಲೆ ಕೂತು ಬೆಂಗಳೂರು ನೋಡ್ತೈತಲ್ಲೋ ಕೊಂಡಣ್ಣ. ಪುಣ್ಯ ಮಾಡಿತ್ತು."

ಚಿನ್ನಸ್ವಾಮಿ ಇಂಜಿನ್ನು ಬಿಚ್ಚಿದ. ಪಿಸ್ಟನ್ ಈಚೆಗೆ ತೆಗೆದು ಬಿಸಿಲಿಗೆ ಹಿಡಿದ. ಒಂದು ಪಕ್ಕ ಬೆಕ್ಕು ಪರಚಿದ ಹಂಗೆ ಗೀರು ಬಿದ್ದಿತ್ತು.

"ಕಚ್ಕೊಂಡೈತೆ," ಅಂದ. "ಎಷ್ಟು ಜೋರಾಗಿ ಓಡಿಸ್ದೆ ಸಾಮಿ?"

"ಓಡಿಸ್ಲೇ ಇಲ್ವಲ್ಲ ಮೇಸ್ತ್ರಿ. ಎತ್ತಿನ ಹೆಜ್ಜೆಗೆ ಬಿಡ್ತಿದ್ದೆ."

"ಯಾವ ಗೇರಲ್ಲಿ?"

"ಕೊನೇ ಗೇರಲ್ಲಿ."

"ಏರಲ್ಲೂ?"

"ಏರಲ್ಲೂ."

ಚಿನ್ನಸ್ವಾಮಿ ಪಿಸ್ಟನ್ ಕೆಳಗಿಟ್ಟು ಹಣೆ ಹಣೆ ಬಡ್ಕೊಂಡ. "ಅಯ್ಯೋ ಕಡವುಳೇ! ತುಂಬಿದ ಗಾಡಿಗೆ ಎಳೇ ಹೋರಿ ಕಟ್ಟಿ, ಏರಿಗೆ ಹೊಡೆದಂಗೆ ಆಯ್ತಲ್ಲಪ್ಪಾ! ಅದಕ್ಕೆ ಗಾಳಿ ಬೇಡ್ವಾ? ಓಡ್ತಾ ಇದ್ರೆ ತಾನೇ ಮೈಗೆ ಗಾಳಿ ಬೀಳೋದು? ಏರು ಬಂದ್ರೆ ಗೇರು ಇಳಿಸು, ಹಗುರ ಆಗ್ತೈತೆ. ಸಮ ರಸ್ತೇಲಿ ಚೂರು ಓಡಲಿ, ಮತ್ತೆ ನಿಧಾನ ಮಾಡು, ಮತ್ತೆ ಚೂರು ಓಡಲಿ. ಒಂದೇ ಸಮ ಎಳೆಸ್ಬೇಡ. ಮಧ್ಯೆ ನಿಲ್ಸು, ಆರಲಿ."

"ದುಡಿಸ್ಬೇಡ ಅಂತ ನೀನೇ ಅಂದಿದ್ದೆಯಲ್ಲ ಮೇಸ್ತ್ರಿ."

"ನೀನು ಮಾಡಿದ್ದೇ ದುಡಿಸಿದ್ದು!"

ಕೊಂಡಪ್ಪ ತಲೆ ತಗ್ಗಿಸಿದ. ಇಷ್ಟು ವರ್ಷದಲ್ಲಿ ಒಂದು ಮೂಕಪ್ರಾಣೀನೂ ನೋಯಿಸಿದೋನಲ್ಲ. ಇದನ್ನ ದಿನಾ ನೋಯಿಸಿ, ಅದು ಕಟ ಕಟ ಅಂತ ಅಳ್ತಿದ್ರೆ ಮೆಲುಕು ಅಂತ ಅಂದ್ಕೊಂಡಿದ್ದ.

ಚಿನ್ನಸ್ವಾಮಿ ಗೀರು ಉಜ್ಜಿ ನಯ ಮಾಡಿ, ಹೊಸ ರಿಂಗು ಹಾಕಿ, ಹಳೇ ಆಯಿಲ್ ಬಸಿದು ಹೊಸದು ತುಂಬಿಸಿದ. ಬಸಿದ ಆಯಿಲಲ್ಲಿ ಬೆಳ್ಳಿ ಪುಡಿ ಹಂಗೆ ಹೊಳೀತಿತ್ತು, ಸವೆದ ಕಬ್ಬಿಣ. "ಐನೂರನ್ನ ಮತ್ತೆ ಮೊದಲಿಂದ ಎಣಿಸು" ಅಂದ. ಹಬ್ಬ ಹತ್ರ ಬಂದಿತ್ತು. ಪೆಟ್ರೋಲಿಗೆ ಆವಾಗ ಕೂಪನ್ನು, ಬೇಕು ಬೇಕಾದಷ್ಟು ಸಿಕ್ತಿರಲಿಲ್ಲ.

ಬೈಲಪ್ಪನ ಗಾಡಿ ಮುಂದೆ ಕಳಿಸಿ, ಕೊಂಡಪ್ಪ ಪಟಪಟೀಲಿ ವರ್ತೂರು ದಾರಿ ಹಿಡಿದ. ಚಿನ್ನಸ್ವಾಮಿ ಭಾವಮೈದನ ತೋಟ ಹುಡುಕಿ, ಬೇಲಿ ಆಚೆಯಿಂದ ನೋಡಿದ. ಸಂಜೆ ಹೊತ್ತು. ಕೆಲಸ ಮುಗಿದು ನೊಗ ಬಿಚ್ಚಿದ್ರು. ಸೊಣ್ಣಮ್ಮನ ಎರಡು ಹೋರೀನೂ ಬಾಲ ಎತ್ಕೊಂಡು ಬಯಲಲ್ಲಿ ಒಂದು ಸುತ್ತು ಓಡಿ, ನಿಂತು, ಬುಸ್ ಅಂತ ಉಸಿರು ಬಿಟ್ಟು, ಮತ್ತೆ ನಿಧಾನಕ್ಕೆ ನಡ್ಕೊಂಡು ಬಂದ್ವು. ಕೊಂಡಪ್ಪ ಅದನ್ನ ಎಷ್ಟು ಸಲ ನೋಡಿಲ್ಲ! ಅವನೇ ದಿನಾ ಸಂಜೆ ಹೋರಿ ಬಿಟ್ಟು ಓಡಿಸ್ತಿದ್ದೋನು. ಪಟಪಟಿಗೆ ಮಾತ್ರ ಬರೀ ನೊಗ ಕೊಟ್ಟಿದ್ದ, ಬಯಲು ಕೊಟ್ಟಿರಲಿಲ್ಲ.

ಮನೆಗೆ ಬಂದವನು ಕೊಟ್ಟಿಗೆ ಬಾಗಿಲಲ್ಲಿ ನಿಂತ. ಸೊಣ್ಣಮ್ಮ ಹಾಲು ಕರೀತಿದ್ಲು. ಅವನು ಹಸದ ಕಡೆ ನೋಡಿ ಅಂದ, "ಚೆಲುವಿ, ನಿನ್ನ ಮಕ್ಕಳನ್ನ ನೋಡ್ಕೊಂಡು ಬಂದೆ. ಚೆನ್ನಾಗವೆ. ಆ ಮನೆಯಾಕೆ ಕೈಯಲ್ಲೇ ಹುರುಳಿ ತಿನ್ನಿಸ್ತಾಳೆ. ತೋಟದ ಆಳು ಅಂದ, ಗಂಡಸರು ಕರೆದ್ರೆ ಬರಲ್ವಂತೆ, ಅವಳು ಕರೆದ್ರೇನೇ ಬರೋದಂತೆ."

ಹಾಲಿನ ಸದ್ದು ನಿಂತುಹೋಯ್ತು. ಸೊಣ್ಣಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡ್ಲು. ಆಮೇಲೆ ನೇರವಾಗಿ ಅವನನ್ನೇ ಕೇಳಿದ್ಲು, "ಕೊಂಬಿಗೆ ಎಣ್ಣೆ ಹಚ್ಚಿದ್ರಾ?"

"ಹಚ್ಚಿದ್ರು. ಮಿಂಚ್ತಿದ್ವು."

"ನನ್ನ ಒಂದು ಮಾತು ಕೇಳಬಾರದಾಗಿತ್ತಾ ನೀವು?"

"ಕೇಳಬೇಕಾಗಿತ್ತು," ಅಂದ. ಅಷ್ಟೇ. ಅವಳು ಮತ್ತೆ ಹಾಲು ಕರೆಯಕ್ಕೆ ಕೂತಳು. ಅವತ್ತಿಂದ ಅವನ ಜೊತೆ ಅಗತ್ಯ ಇದ್ದಷ್ಟು ಮಾತ್ರ ಮಾತಾಡಿದ್ಲು, ಮೊದಲಿನ ಹಂಗಲ್ಲ.

ಕೊಂಡಪ್ಪ ಹೊಸದಾಗಿ ಪಳಗಿಸಕ್ಕೆ ಶುರು ಮಾಡಿದ. ಸಮ ರಸ್ತೇಲಿ ಚೂರು ಓಡಿಸಿ, ಕೈಹಿಡಿ ಇಳಿಸಿ, ಮತ್ತೆ ಏರಿಸಿ. ಏರು ಬಂದ್ರೆ ಗೇರು ಇಳಿಸಿ. ಮರ ಕಂಡಲ್ಲಿ ನಿಲ್ಲಿಸಿ, ಇಂಜಿನ್ನಿನ ಹತ್ರ ಅಂಗೈ ಹಿಡಿದು ಶಾಖ ನೋಡಿ. ಕಟ ಕಟ ನಿಂತುಹೋಯ್ತು. ದಿನ ಕಳೆದ ಹಾಗೆ ಸದ್ದು ದುಂಡಗಾಯ್ತು, ಕೈಗೆ ಹಗುರಾಯ್ತು. ಬೈಲಪ್ಪನ ಗಾಡಿ ದಾಟಿ ಹೋದಾಗ ಬೈಲಪ್ಪನೇ ಕೂಗಿದ, "ಹಗ್ಗ ಇದ್ರೆ ನನ್ನನ್ನೇ ಎಳ್ಕೊಂಡು ಹೋಗಣ್ಣ!"

ಆದ್ರೆ ಪೆಟ್ರೋಲು ಮುಗೀತಾ ಬಂತು. ಗೌರಿ ಹಬ್ಬದ ಹಿಂದಿನ ದಿನ ಮೀಟರು ನೋಡಿದ್ರೆ ಐನೂರಕ್ಕೆ ನೂರರ ಹತ್ರ ಹತ್ರ ಬಾಕಿ. ಡಬ್ಬದಲ್ಲಿ ಉಳಿದಿದ್ದ ಪೆಟ್ರೋಲು ಆವತಿಗೆ ಹೋಗಿ ಬರೋವಷ್ಟೇ.

ಕೊಂಡಪ್ಪ ಸುಮ್ಮನೆ ಕರ್ಕೊಂಡು ಹೋಗಬಹುದಿತ್ತು. ಮೀಟರು ಓದಕ್ಕೆ ಸೊಣ್ಣಮ್ಮನಿಗೆ ಬರ್ತಿರಲಿಲ್ಲ. ಪಿಸ್ಟನ್ ಮತ್ತೆ ಕಚ್ಕೊಂಡ್ರೆ ನಡುದಾರೀಲಿ ಅವಳು ಹೊಸ ಸೀರೇಲಿ ಕೂರಬೇಕು, ಇಂಜಿನ್ನೂ ಹೋಯ್ತು. ಇಲ್ಲ, ಬಸ್ಸಲ್ಲಿ ಹೋಗಾನ ಅಂದ್ರೆ ಕೊಟ್ಟ ಮಾತು ಹೋಯ್ತು, ಆವತೀಲಿ ಅವಳ ಮುಖ ಕೆಳಗಾಯ್ತು. ಬೆಳಗ್ಗೆ ಸೊಣ್ಣಮ್ಮ ತಲೆಗೆ ನೀರು ಹಾಕ್ಕೊಂಡು, ಹೂ ಮುಡಿದು, ಬುಟ್ಟಿ ಹಿಡ್ಕೊಂಡು ಈಚೆಗೆ ಬಂದ್ಲು. ಕೊಂಡಪ್ಪ ಪಟಪಟಿ ಪಕ್ಕದಲ್ಲಿ ನಿಂತಿದ್ದ.

"ಸೊಣ್ಣಿ, ಇದು ಇನ್ನೂ ಪೂರ್ತಿ ಪಳಗಿಲ್ಲ. ನೂರು ಮೈಲಿ ಹತ್ರ ಬಾಕಿ ಐತೆ. ಇಬ್ಬರು ಕೂತ್ರೆ ತಡೀತದೋ ಇಲ್ವೋ ಗೊತ್ತಿಲ್ಲ. ಆವತ್ತು ನಿನ್ನ ಕೇಳಲಿಲ್ಲ. ಈಗ ಕೇಳ್ತಾ ಇದೀನಿ. ನೀನು ಹೆಂಗೆ ಅಂತೀಯೋ ಹಂಗೆ."

ಸೊಣ್ಣಮ್ಮ ಬುಟ್ಟಿ ಕೆಳಗಿಟ್ಲು. ಇಷ್ಟು ದಿನ ಆ ಪಟಪಟೀನ ಅವಳು ಮುಟ್ಟಿರಲಿಲ್ಲ. ಈಗ ಒಂದು ಸುತ್ತು ಬಂದು, ಪೆಟ್ರೋಲ್ ಟ್ಯಾಂಕಿನ ಮೇಲೆ ಕೈ ಇಟ್ಟಳು, ಹೋರಿ ಬೆನ್ನಿನ ಮೇಲೆ ಇಟ್ಟ ಹಾಗೆ.

"ಸಮ ದಾರೀಲಿ ಎಳೀತೈತಾ?"

"ಎಳೀತೈತೆ."

"ಕಂಬಳಿ ಮಡಿಸಿ ಹಾಕಿ ಮತ್ತೆ. ಹೊತ್ತಾಯ್ತು."

ಹಿಂದಿನ ಕ್ಯಾರಿಯರ್ ಮೇಲೆ ಕಂಬಳಿ ಹಾಕಿ, ಅವಳು ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂತಳು. ಹೊಸಕೋಟೆ ದಾಟೋ ತನಕ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಕಂಬಳಿ ಅಂಚು ಗಟ್ಟಿಯಾಗಿ ಹಿಡಿದಿದ್ಲು. ಸೂಲಿಬೆಲೆ ದಾರಿಗೆ ತಿರುಗಿದ ಮೇಲೆ ಆ ಕೈ ಅವನ ಹೆಗಲ ಮೇಲೆ ಬಂತು.

ಮೊದಲನೇ ಏರು ಸಿಕ್ತು. ಕೊಂಡಪ್ಪ ಗೇರು ಇಳಿಸಿದ. ಹಿಂದಿಂದ "ನಿಲ್ಸಿ ನಿಲ್ಸಿ" ಅಂದ್ಲು ಸೊಣ್ಣಮ್ಮ. ಏನೋ ಬಿತ್ತು ಅಂದ್ಕೊಂಡು ನಿಲ್ಲಿಸಿದ. ಅವಳು ಇಳಿದು, ಸೀರೆ ಎತ್ತಿ ಕಟ್ಕೊಂಡು ನಡೆಯಕ್ಕೆ ಶುರು ಮಾಡಿದ್ಲು.

"ಯಾಕೆ?"

"ಏರಲ್ವಾ?"

ನಮ್ಮ ಕಡೆ ಗಾಡಿ ಏರು ಹತ್ತೋವಾಗ ಕೂತೋರು ತಾವಾಗೇ ಇಳಿದು ನಡೀತಾರೆ. ಎತ್ತಿಗೆ ಭಾರ ಆಗಬಾರದು ಅಂತ. ಯಾರೂ ಹೇಳಬೇಕಾಗಿಲ್ಲ. ಕೊಂಡಪ್ಪನಿಗೇ ಅದು ತೋಚಿರಲಿಲ್ಲ. ಅವನು ಮೊದಲ ಗೇರಲ್ಲಿ ಪಟಪಟೀನ ಹಗುರಕ್ಕೆ ಏರು ಹತ್ತಿಸಿ, ಮೇಲೆ ನಿಂತು ಕಾದ. ಅವಳು ಏದುಸಿರು ಬಿಡ್ತಾ ಬಂದು, ಮತ್ತೆ ಕೂತಳು. ದೇವನಹಳ್ಳಿ ತನಕ ಹಿಂಗೇ. ಇಳುಕಲು ಬಂದ್ರೆ ಕೂರೋದು, ಏರು ಬಂದ್ರೆ ಇಳಿಯೋದು. ದಾರೀಲಿ ಹೋಗೋರು ನಿಂತು ನೋಡಿ ನಗ್ತಿದ್ರು. ಸೊಣ್ಣಮ್ಮನೂ ನಗ್ತಿದ್ಲು. ಮಾತೂ ವಾಪಸ್ ಬಂದಿತ್ತು. ಬೈಲಪ್ಪನ ಹೆಂಡ್ತಿ ಏನಂದ್ಲು, ಈ ಸಲ ಹಬ್ಬಕ್ಕೆ ಅಮ್ಮ ಏನು ಮಾಡಿರ್ತಾಳೆ, ಎಲ್ಲಾನೂ ಅವನ ಕಿವೀಲಿ ಕೂಗಿ ಹೇಳ್ತಿದ್ಲು. ಗಾಳಿಗೆ ಅವನಿಗೆ ಅರ್ಧ ಕೇಳಿಸ್ತಿರಲಿಲ್ಲ. "ಹೂಂ" ಅಂತಿದ್ದ.

ಆವತಿ ಬಂತು. ಊರೊಳಗೆ ಹೋಗಕ್ಕೆ ಮತ್ತೆ ಒಂದು ಏರು. ಸದ್ದು ಕೇಳಿ ಜನ ಆಗಲೇ ಬೀದಿಗೆ ಬಂದಿದ್ರು. ಅಣ್ಣನ ಹೆಂಡ್ತಿ ಸೊಂಟದ ಮೇಲೆ ಕೈ ಇಟ್ಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ಲು. ಸೊಣ್ಣಮ್ಮನ ಕೈ ಕೊಂಡಪ್ಪನ ಹೆಗಲಿಂದ ಎದ್ದೋಯ್ತು.

"ಕೂತ್ಕೊ ಸೊಣ್ಣಿ," ಅಂದ ಕೊಂಡಪ್ಪ. "ಇದೊಂದು ಏರಿಗೆ ಏನೂ ಆಗಲ್ಲ. ಎಲ್ಲಾ ನೋಡ್ತಾವ್ರೆ."

"ನೋಡ್ಲಿ," ಅಂತ ಅವಳು ಇಳಿದೇಬಿಟ್ಟಳು.

ಹೊಸ ಸೀರೆ ಉಟ್ಟು, ಬುಟ್ಟಿ ಕಂಕುಳಲ್ಲಿ ಇಟ್ಕೊಂಡು, ಸೊಣ್ಣಮ್ಮ ಮುಂದೆ ಮುಂದೆ ನಡೆದ್ಲು. ಹಿಂದೆ ಮೊದಲ ಗೇರಲ್ಲಿ ಡುಬು ಡುಬು ಅಂತ ಕೊಂಡಪ್ಪ.

"ಏನ್ ಸೊಣ್ಣಮ್ಮ!" ಅಂದ್ಲು ಅಣ್ಣನ ಹೆಂಡ್ತಿ. "ಪಟಪಟಿ ಮೇಲೆ ಬರ್ತೀನಿ ಅಂತ ಹೇಳಿ ಕಳಿಸಿದ್ದೆ, ಕಾಲ್ನಡಿಗೇಲಿ ಬಂದ್ಯಲ್ಲ? ಕೆಟ್ಟೋಯ್ತಾ?"

"ಕೆಟ್ಟೂ ಇಲ್ಲ ಏನೂ ಇಲ್ಲ," ಅಂದ್ಲು ಸೊಣ್ಣಮ್ಮ. "ಹೊಸದು ಪಾಪ. ಇನ್ನೂ ಪಳಗಿಸ್ತಾ ಇದೀವಿ."

"ಇದೀವಿ" ಅಂದಿದ್ದು ಹಿಂದೆ ಬರ್ತಿದ್ದ ಕೊಂಡಪ್ಪನಿಗೆ ಆ ಸದ್ದಲ್ಲೂ ಕೇಳಿಸ್ತು. ಅವನು ಇಂಜಿನ್ನು ನಿಲ್ಲಿಸಿ ಹಂಗೇ ಕೂತ, ಕೆಳಗೆ ಇಳಿಯೋದೇ ಮರೆತು.

ಸೊಣ್ಣಮ್ಮನ ತಾಯಿ ಅಕ್ಕಯಮ್ಮ ಕಾಲಿಗೆ ನೀರು ತಂದವಳು ಪಟಪಟೀನ ಮೇಲಿಂದ ಕೆಳಗೆ ನೋಡಿದ್ಲು. "ಇದನ್ನ ಎಲ್ಲಿ ಕಟ್ಟಾಕ್ತೀರಪ್ಪಾ? ಬೀದೀಲಿ ಬಿಟ್ರೆ ಹುಡುಗ್ರು ಮುಟ್ತಾವೆ."

"ಕೊಟ್ಟಿಗೇಲಿ ಜಾಗ ಮಾಡಮ್ಮ," ಅಂದ್ಲು ಸೊಣ್ಣಮ್ಮ. ಬುಟ್ಟಿ ಅತ್ತಿಗೆ ಕೈಗೆ ಕೊಟ್ಟು, ತಾನೇ ಹ್ಯಾಂಡಲು ಹಿಡ್ಕೊಂಡ್ಲು. "ಬಿಸಿಯಾಗೈತೆ, ನೆರಳಲ್ಲಿ ಚೂರು ಆರಲಿ."